ಪಿಕಪ್ ಬಾಗಿಲಿನ ಸ್ಪೀಕರ್: ಹೊಸದು ಹಾಕಿದರೂ ಸದ್ದು ಸರಿಯಿಲ್ಲದಿದ್ದರೆ ದೋಷ ಹುಡುಕುವುದು ಹೇಗೆ

ಕೊಡಗಿನ ನಾಪೋಕ್ಲು ಕಡೆ ನಮ್ಮದು ಸಣ್ಣ ಕಾಫಿ ತೋಟ. ಗೊಬ್ಬರ ತರೋದಕ್ಕೆ, ಕಾಫಿ ಮೂಟೆಯನ್ನು ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗೆ ಸಾಗಿಸೋದಕ್ಕೆ ಒಂದು ಪಿಕಪ್ ಇದೆ. ಅದರ ಬಾಗಿಲಲ್ಲಿ ಕಂಪನಿಯಿಂದಲೇ ಬಂದ ಎರಡು ಸ್ಪೀಕರ್ ಇದ್ದವು. ಹೋದ ವರ್ಷ ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ಬಲಗಡೆಯದು ಮೊದಲು ಕರಕರ ಅಂದಿತು, ಆಮೇಲೆ ಸುಮ್ಮನಾಯಿತು. ನಾನು ಸೀದಾ ಹೋಗಿ ಹೊಸ ಜೋಡಿ ತಂದು ಒಂದು ಮಧ್ಯಾಹ್ನದಲ್ಲಿ ಹಾಕಿಬಿಟ್ಟೆ. ಸದ್ದು ಹಳೆಯದಕ್ಕಿಂತ ತೆಳ್ಳಗಾಯಿತು. ಬೇಸ್ ಇಲ್ಲವೇ ಇಲ್ಲ. ಒಂದು ವಾರಕ್ಕೆ ಬಲಗಡೆಯದು ಮತ್ತೆ ನಿಂತಿತು.

ಆಮೇಲೆ ಕೂತು ಒಂದೊಂದೇ ಬಿಚ್ಚಿ ನೋಡಿದಾಗ ಸಿಕ್ಕಿದ್ದು ನಾಲ್ಕು ತಪ್ಪು. ಅದರಲ್ಲಿ ಒಂದೂ ಹೊಸ ಸ್ಪೀಕರ್‌ನ ತಪ್ಪಲ್ಲ. ಎಲ್ಲವೂ ಬಾಗಿಲಿನಲ್ಲೇ ಇದ್ದವು. ನಮ್ಮ ಮಳೆಗೆ ಇಲ್ಲಿನ ಬಹಳ ಗಾಡಿಗಳಲ್ಲಿ ಇದೇ ಕಥೆ ಇರಬಹುದು. ಅದಕ್ಕೇ ನಾನು ಹುಡುಕಿದ ಕ್ರಮವನ್ನು ಬರೆಯುತ್ತಿದ್ದೇನೆ. ಸ್ಪೀಕರ್‌ಗೆ ದುಡ್ಡು ಹಾಕುವ ಮೊದಲು ಇದನ್ನು ಒಂದು ಸಲ ಮಾಡಿ ನೋಡಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಸಾದಾ ಮಲ್ಟಿಮೀಟರ್, ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚ್, 1.5 ವೋಲ್ಟ್‌ನ ಪೆನ್ಸಿಲ್ ಸೆಲ್, ಎರಡು ತುಂಡು ವೈರ್.

ಮೊದಲು ಗಾಡಿ ಎಷ್ಟು ವೋಲ್ಟ್ ಅಂತ ನೋಡಿ

ಪಿಕಪ್, ಜೀಪುಗಳಲ್ಲಿ 12 ವೋಲ್ಟ್. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಸಾಲಾಗಿ ಸೇರಿಸಿ 24 ವೋಲ್ಟ್ ಇರುತ್ತದೆ. 12 ವೋಲ್ಟ್ ಸ್ಟೀರಿಯೊವನ್ನು 24ರ ಲೈನಿಗೆ ಕೊಟ್ಟರೆ ಸೆಟ್ ಸುಟ್ಟು ಹೋಗುತ್ತದೆ. ಲಾರಿಗೆ ಹಾಕುವವರು 24 ವೋಲ್ಟ್‌ನ ಸೆಟ್ ತೆಗೆದುಕೊಳ್ಳಬೇಕು, ಇಲ್ಲವೇ ನಡುವೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಬೇಕು. ಎರಡು ಬ್ಯಾಟರಿ ಇದೆಯಲ್ಲ ಅಂತ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದಿಯಬೇಡಿ. ಎರಡೂ ಸಮನಾಗಿ ಚಾರ್ಜ್ ಆಗದೆ ಬೇಗ ಹಾಳಾಗುತ್ತವೆ.

ಎಫ್‌ಎಂ ನಂಬಿ ಸ್ಪೀಕರ್ ಬಯ್ಯಬೇಡಿ

ನಾವು ಬೆಳಿಗ್ಗೆ ಕೇಳುವುದು ಮಡಿಕೇರಿ ಆಕಾಶವಾಣಿ, 103.1. ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ಗುಡ್ಡ ಅಡ್ಡ ಬಂದರೆ ಸದ್ದು ಬುಸುಗುಟ್ಟುತ್ತದೆ. ಸಂಪಾಜೆ ಘಾಟಿಯಲ್ಲಿ, ಮಾಕುಟ್ಟದ ಇಳಿಜಾರಿನಲ್ಲಿ ಕರಕರ ಬಂದರೆ ಅದು ಸ್ಪೀಕರ್ ತಪ್ಪು ಅಂತ ಹೇಳಲಾಗದು. ಪರೀಕ್ಷೆಗೆ ಪೆನ್‌ಡ್ರೈವ್‌ನಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ಹಾಡು ಇಟ್ಟುಕೊಳ್ಳಿ. ಬೇಸ್, ಟ್ರೆಬಲ್ ಎರಡನ್ನೂ ಸೊನ್ನೆಗೆ ತನ್ನಿ. ಲೌಡ್‌ನೆಸ್ ಆಫ್ ಮಾಡಿ. ಬ್ಯಾಲೆನ್ಸ್ (ಎಡ ಬಲಕ್ಕೆ ಸದ್ದು ಹಂಚುವುದು), ಫೇಡರ್ (ಮುಂದೆ ಹಿಂದೆ ಹಂಚುವುದು) ನಡುವೆ ಇದೆಯಾ ನೋಡಿ. ಮನೆಯ ಮಕ್ಕಳು ಫೇಡರ್ ಹಿಂದಕ್ಕೆ ತಿರುಗಿಸಿಟ್ಟಿದ್ದಕ್ಕೆ ಸ್ಪೀಕರ್ ಹೋಯಿತು ಅಂತ ಬಾಗಿಲು ಬಿಚ್ಚಿದವರನ್ನು ನಾನು ಬಲ್ಲೆ.

ಒಂದು ಕಡೆ ಸದ್ದಿಲ್ಲ ಅಥವಾ ಬಂದು ಬಂದು ಹೋಗುತ್ತದೆ

ಇಲ್ಲಿ ತಪ್ಪು ಮೂರರಲ್ಲಿ ಒಂದು ಕಡೆ ಇರಬೇಕು: ಸೆಟ್, ವೈರ್, ಸ್ಪೀಕರ್. ಯಾವುದು ಅಂತ ಪತ್ತೆ ಮಾಡಲು ಸುಲಭ ದಾರಿ ಅದಲು ಬದಲು. ಸೆಟ್ ಆಫ್ ಮಾಡಿ, ಅದರ ಹಿಂದೆ ಎಡ ಬಲ ಸ್ಪೀಕರ್ ವೈರ್‌ಗಳನ್ನು ಒಂದಕ್ಕೊಂದು ಬದಲಿಸಿ. ಹೊರಗಿನಿಂದ ತಂದು ಹಾಕಿದ ಸೆಟ್ ಆದರೆ ಬಣ್ಣ ನೋಡಿದರೆ ಸಾಕು. ಮುಂದಿನ ಎಡಕ್ಕೆ ಬಿಳಿ, ಮುಂದಿನ ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಹಿಂದಿನ ಬಲಕ್ಕೆ ನೇರಳೆ. ಕಪ್ಪು ಗೆರೆ ಇರುವುದು ಮೈನಸ್. ಕಂಪನಿ ವೈರ್‌ಗೆ ಈ ಬಣ್ಣ ಹೊಂದಬೇಕೆಂದಿಲ್ಲ.

ಬದಲಿಸಿದ ಮೇಲೆ ಸದ್ದಿಲ್ಲದ ಕಡೆ ಎಡಕ್ಕೆ ಹೋಯಿತಾ? ಹಾಗಾದರೆ ತಪ್ಪು ಸೆಟ್‌ನಲ್ಲಿದೆ. ಬಲದಲ್ಲೇ ಉಳಿಯಿತಾ? ವೈರ್ ಅಥವಾ ಸ್ಪೀಕರ್.

ಈಗ ಮಲ್ಟಿಮೀಟರ್ ಓಮ್‌ಗೆ ಇಟ್ಟು, ಸೆಟ್ ಕಡೆ ಬಿಡಿಸಿದ ವೈರ್ ಜೋಡಿಯನ್ನು ಅಳೆಯಿರಿ. 4 ಓಮ್ ಸ್ಪೀಕರ್ ಮೀಟರ್‌ನಲ್ಲಿ ಸುಮಾರು 3.2ರಿಂದ 3.8 ತೋರಿಸುತ್ತದೆ. ಅದು ಸರಿಯೇ. ಏನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ. 1ಕ್ಕಿಂತ ಕಡಿಮೆ ಬಂದರೆ ಎರಡು ವೈರ್ ಒಂದಕ್ಕೊಂದು ತಾಗುತ್ತಿವೆ, ಇಲ್ಲವೇ ಸ್ಪೀಕರ್ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಸುಟ್ಟು ಕೂಡಿಕೊಂಡಿದೆ. ಆಮೇಲೆ ಪ್ರತಿ ವೈರ್‌ಗೂ ಗಾಡಿಯ ಬಾಡಿಗೂ ನಡುವೆ ನೋಡಿ. ಅಲ್ಲಿ ಸಂಪರ್ಕ ಇರಲೇಬಾರದು.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಹಳೇ ಕಾಲದ ಜೀಪ್ ವೈರಿಂಗ್‌ನಲ್ಲಿ ಸ್ಪೀಕರ್‌ನ ಮೈನಸ್ ಅನ್ನು ಬಾಡಿಗೆ ಕೊಟ್ಟುಬಿಡುತ್ತಿದ್ದರು. ಈಗಿನ ಸೆಟ್‌ಗೆ ಹಾಗೆ ಮಾಡಬಾರದು. ಇದರಲ್ಲಿ ಪ್ಲಸ್ ಮೈನಸ್ ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು, ಅಂದರೆ ಆರೇಳು ವೋಲ್ಟ್ ನಿಂತಿರುತ್ತದೆ. ಮೈನಸ್ ಬಾಡಿಗೆ ತಾಗಿದರೆ ಸೆಟ್ ತನ್ನನ್ನು ಕಾಪಾಡಿಕೊಳ್ಳಲು ಬಂದಾಗುತ್ತದೆ, ಇಲ್ಲವೇ ಒಳಗಿನ ಐಸಿ ಹೋಗುತ್ತದೆ.

ನನ್ನ ಗಾಡಿಯಲ್ಲಿ ಮೀಟರ್ ಒಮ್ಮೆ 3.5 ತೋರಿಸುತ್ತಿತ್ತು, ಒಮ್ಮೆ ಏನೂ ಇಲ್ಲ. ತಲೆ ಕೆಟ್ಟು ಹೋಯಿತು. ಗೋಣಿಕೊಪ್ಪದಲ್ಲಿ ಜೀಪ್ ವೈರಿಂಗ್ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. "ಹಾಡು ಹಾಕಿ ಬಾಗಿಲು ತೆಗೆದು ಮುಚ್ಚು ಮಾರಾಯ, ನಿಧಾನಕ್ಕೆ" ಅಂದರು. ಬಾಗಿಲು ಅರ್ಧ ತೆರೆದಾಗ ಹಾಡು ಬಂತು. ಪೂರ್ತಿ ಮುಚ್ಚಿದಾಗ ನಿಂತಿತು. "ರಬ್ಬರ್ ಒಳಗೆ ನೋಡಿದ್ಯಾ?" ಅಂತ ಕೇಳಿದರು.

ಬಾಗಿಲಿನ ಕೀಲಿನ ಹತ್ತಿರ ಬಾಡಿಯಿಂದ ಬಾಗಿಲಿಗೆ ಹೋಗುವ ಸುಕ್ಕು ಸುಕ್ಕಾದ ರಬ್ಬರ್ ಕೊಳವೆ ಇದೆಯಲ್ಲ, ವೈರ್‌ಗಳೆಲ್ಲ ಅದರೊಳಗೆ ಹೋಗುತ್ತವೆ. ನಮ್ಮ ತೋಟದ ಗಾಡಿಯ ಬಾಗಿಲು ದಿನಕ್ಕೆ ಎಷ್ಟು ಸಲ ತೆಗೆದು ಮುಚ್ಚುತ್ತೇವೆ ಅಂತ ಲೆಕ್ಕವೇ ಇಲ್ಲ. ಪ್ರತಿ ಸಲವೂ ವೈರ್ ಅಲ್ಲಿ ಬಾಗುತ್ತದೆ. ರಬ್ಬರ್‌ನ ಒಂದು ತುದಿ ಎಳೆದು ಹಿಂದಕ್ಕೆ ಮಡಚಿದಾಗ ಕಂಡಿದ್ದು ಇದು: ಮೇಲಿನ ಪ್ಲಾಸ್ಟಿಕ್ ಸರಿಯಾಗೇ ಇದೆ, ಆದರೆ ಒಂದು ಕಡೆ ಅದು ಕತ್ತು ಹಿಸುಕಿದ ಹಾಗೆ ಸಣ್ಣಗಾಗಿದೆ. ಬೆರಳಲ್ಲಿ ಮೆಲ್ಲಗೆ ಎಳೆದರೆ ರಬ್ಬರ್ ಬ್ಯಾಂಡಿನ ಹಾಗೆ ಉದ್ದ ಬಂತು. ಒಳಗಿನ ತಾಮ್ರ ತುಂಡಾಗಿತ್ತು. ತುದಿ ಹಸಿರು ಪುಡಿ ಹಿಡಿದಿತ್ತು.

ಇಂಥದ್ದಕ್ಕೆ ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಒಂದು ಮಳೆಗಾಲ ಬಾಳುವುದಿಲ್ಲ. ಕೆಟ್ಟ ಭಾಗ ಕತ್ತರಿಸಿ, ಸಣ್ಣ ಎಳೆಗಳಿರುವ ಮೆತ್ತಗಿನ ವೈರ್‌ನ ತುಂಡನ್ನು ಸ್ವಲ್ಪ ಉದ್ದವೇ ಇಟ್ಟು ಸೇರಿಸಿ. ಜೋಡಣೆ ರಬ್ಬರ್ ಬಾಗುವ ಜಾಗದಲ್ಲಿ ಬರಬಾರದು, ಆಚೆ ಈಚೆ ಇರಲಿ. ಬೆಸುಗೆ ಹಾಕಿ, ಬಿಸಿ ಮಾಡಿದರೆ ಬಿಗಿಯುವ ಸ್ಲೀವ್ ಏರಿಸಿ.

ಕರಕರ ಸದ್ದು

ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಗಡೆಯ ಹೊದಿಕೆ, ಬಿಚ್ಚಿ. ಹಿಡಿಯ ಒಳಗೆ ಮುಚ್ಚಿಟ್ಟ ಸ್ಕ್ರೂ ಇರುತ್ತದೆ, ಅದನ್ನು ಮರೆತು ಎಳೆದರೆ ಪ್ಯಾಡ್ ಸೀಳುತ್ತದೆ. ಕ್ಲಿಪ್‌ಗಳು ತಣ್ಣಗಿರುವಾಗ ಬೇಗ ಮುರಿಯುತ್ತವೆ, ಬೆಳಗಿನ ಚಳಿಯಲ್ಲಿ ಈ ಕೆಲಸ ಬೇಡ.

ಸ್ಪೀಕರ್ ಕೈಗೆ ಬಂದ ಮೇಲೆ ಎರಡು ಹೆಬ್ಬೆರಳನ್ನು ಕೋನ್‌ನ (ಸದ್ದಿಗೆ ಅಲುಗುವ ಮುಂದಿನ ಭಾಗದ) ಎದುರು ಬದುರು ಇಟ್ಟು ಸಮನಾಗಿ, ಮೆಲ್ಲಗೆ ಒತ್ತಿ. ಚೆನ್ನಾಗಿರುವುದು ಸದ್ದಿಲ್ಲದೆ ಒಳಗೆ ಹೋಗಿ ಬರುತ್ತದೆ. ಮರಳು ಉಜ್ಜಿದಂತೆ ಕೇಳಿಸಿದರೆ ಕಾಯಿಲ್ ಮ್ಯಾಗ್ನೆಟ್‌ಗೆ ಉಜ್ಜುತ್ತಿದೆ. ತುಕ್ಕು ಒಳಗೆ ಸೇರಿದ್ದರೂ ಹೀಗೇ. ಅದನ್ನು ಬದಲಿಸುವುದೇ ಸರಿ. ಉಜ್ಜುವುದಿಲ್ಲ, ಆದರೂ ಹಾಡಿನಲ್ಲಿ ಕರಕರ ಅಂದರೆ, ಕೋನ್‌ನಿಂದ ಟರ್ಮಿನಲ್‌ಗೆ ಬರುವ ಹೆಣೆದ ಸಣ್ಣ ತಂತಿ ಬಿಟ್ಟಿದೆಯಾ, ಅಂಚಿನ ಫೋಮ್ ಹರಿದಿದೆಯಾ ನೋಡಿ.

ನಮ್ಮ ಹಳೆಯ ಸ್ಪೀಕರ್‌ನ ಕಾಗದದ ಕೋನ್ ಮುಟ್ಟಿದರೆ ನೀರು ತಾಗಿದ ಹಪ್ಪಳದ ಹಾಗೆ ಮೆತ್ತಗಿತ್ತು. ಕೆಳಗಿನ ಅರ್ಧಕ್ಕೆ ಕಂದು ಕಲೆ. ನೀರು ಎಲ್ಲಿವರೆಗೆ ಬರುತ್ತಿತ್ತು ಅಂತ ಆ ಕಲೆಯೇ ಹೇಳಿತು. ಇದನ್ನು ಮೊದಲ ದಿನವೇ ನೋಡಿದ್ದೆ. ಹಳೆಯದಾಗಿದೆ ಅಂತ ಪಕ್ಕಕ್ಕಿಟ್ಟು, ಹೊಸದನ್ನು ಅದೇ ನೀರಿನ ಜಾಗಕ್ಕೆ ಕೂರಿಸಿದೆ. ಆವತ್ತು ನಾನು ಮಾಡಿದ ದೊಡ್ಡ ತಪ್ಪು ಅದು.

ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು

ಬಾಗಿಲಿನ ಒಳಗೆ ನೀರು ಬರುವುದು ದೋಷವಲ್ಲ. ಕಿಟಕಿ ಗಾಜಿನ ಹೊರಮೈ ಮೇಲೆ ಇಳಿದ ನೀರಿನಲ್ಲಿ ಒಂದಷ್ಟು ರಬ್ಬರ್ ಪಟ್ಟಿ ದಾಟಿ ಒಳಗೆ ಹೋಗೇ ಹೋಗುತ್ತದೆ. ಬಾಗಿಲನ್ನು ಮಾಡಿರುವುದೇ ಹಾಗೆ. ಅದು ತಗಡಿನ ಒಳಮೈಗೆ ಇಳಿದು, ಬಾಗಿಲ ಕೆಳ ಅಂಚಿನ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಒಳಗಡೆ, ಪ್ಯಾಡ್ ಹಿಂದೆ, ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ನೀರು ಪ್ಯಾಡ್ ಕಡೆಗೆ ಬಾರದಂತೆ ತಡೆಯುವುದು ಅದರ ಕೆಲಸ.

ನನ್ನ ಬಲ ಬಾಗಿಲಲ್ಲಿ ಎರಡೂ ಕೆಟ್ಟಿದ್ದವು. ಯಾವಾಗಲೋ ಗ್ಲಾಸ್ ರಿಪೇರಿ ಮಾಡಿದವರು ಹಾಳೆಯನ್ನು ಅರ್ಧ ಹರಿದು ಹಾಗೇ ಬಿಟ್ಟಿದ್ದರು. ಕೆಳಗಿನ ತೂತುಗಳಲ್ಲಿ ತೋಟದ ರಸ್ತೆಯ ಕೆಂಪು ಕೆಸರು ಒಣಗಿ ಕಲ್ಲಾಗಿತ್ತು. ತೆಂಗಿನ ಗರಿಯ ಕಡ್ಡಿ ಹಾಕಿ ಚುಚ್ಚಿದೆ. ಮೊದಲು ಏನೂ ಇಲ್ಲ. ಆಮೇಲೆ ಒಮ್ಮೆಲೇ ಚಹಾ ಬಣ್ಣದ ನೀರು, ಅದರ ಜೊತೆ ಕೊಳೆತ ಸಿಲ್ವರ್ ಓಕ್ ಎಲೆಯ ಚೂರು. ಅರ್ಧ ಚೊಂಬಿನಷ್ಟು ಇಳಿಯಿತು. ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಬಣ್ಣ ಕಿತ್ತು ತುಕ್ಕು ಶುರುವಾಗುತ್ತದೆ. ಕಡ್ಡಿಯೇ ಸಾಕು.

ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಹೊಸದು ಹಾಕಿ. ಗೊಬ್ಬರ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ ಚೆನ್ನಾಗಿ ತೊಳೆದು ಒಣಗಿಸಿದರೆ ಆಗುತ್ತದೆ. ಹಾಳೆಯ ಕೆಳ ಅಂಚು ಬಾಗಿಲಿನ ತಗಡಿನ ಒಳಕ್ಕೆ ತೂರಿಕೊಂಡಿರಬೇಕು. ಹೊರಗೆ ನೇತಾಡಿದರೆ ಅದರ ಮೇಲೆ ಇಳಿದ ನೀರು ಸೀದಾ ನಿಮ್ಮ ಕಾಲ ಹತ್ತಿರದ ಮ್ಯಾಟ್‌ಗೆ ಬರುತ್ತದೆ. ಮ್ಯಾಟ್ ಯಾವಾಗಲೂ ಒದ್ದೆ ಅನ್ನುವವರು ಮೊದಲು ಇದನ್ನು ನೋಡಿ.

ಇನ್ನು ಸ್ಪೀಕರ್‌ಗೆ ಒಂದು ಸೂರು ಬೇಕು. ಪ್ಲಾಸ್ಟಿಕ್ ಡಬ್ಬಿಯನ್ನು ಉದ್ದಕ್ಕೆ ಅರ್ಧ ಸೀಳಿ, ಸ್ಪೀಕರ್ ಹಿಂದೆ ಮೇಲ್ಗಡೆ ಕೊಡೆಯ ಹಾಗೆ ಸಿಕ್ಕಿಸಿದೆ. ಗಾಜಿಗೆ ತಾಗಬಾರದು, ಕೆಳಗಡೆ ತೆರೆದೇ ಇರಬೇಕು. ಸ್ಪೀಕರ್ ವೈರ್ ಟರ್ಮಿನಲ್‌ಗೆ ಬರುವ ಮೊದಲು ಒಂದು ಸಲ ಕೆಳಗೆ ಇಳಿದು ಮೇಲೆ ಹತ್ತುವ ಹಾಗೆ ಬಿಡಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಟರ್ಮಿನಲ್‌ಗೆ ಹೋಗುವುದಿಲ್ಲ.

ಹೊಸ ಸ್ಪೀಕರ್, ಆದರೆ ಬೇಸ್ ಇಲ್ಲ

ಇದಕ್ಕೆ ಮುಖ್ಯವಾಗಿ ಎರಡು ಕಾರಣ. ಮೊದಲನೆಯದು ಪ್ಲಸ್ ಮೈನಸ್ ತಲೆಕೆಳಗಾಗಿರುವುದು. ಒಂದು ಬಾಗಿಲ ಕೋನ್ ಹೊರಗೆ ಬರುವಾಗ ಇನ್ನೊಂದು ಒಳಗೆ ಹೋದರೆ, ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಬೇಸ್ ಅಲ್ಲೇ ಸಾಯುತ್ತದೆ. ಇದನ್ನು ಕಿವಿಯಲ್ಲೇ ಹಿಡಿಯಬಹುದು. ಬ್ಯಾಲೆನ್ಸ್ ಪೂರ್ತಿ ಒಂದು ಕಡೆ ತಿರುಗಿಸಿದಾಗ ಬೇಸ್ ಜಾಸ್ತಿಯಾಗಿ, ನಡುವೆ ತಂದಾಗ ಕಡಿಮೆಯಾದರೆ ಅದೇ ದೋಷ. ಇನ್ನೊಂದು ಗುರುತು: ವಾರ್ತೆ ಓದುವವರ ದನಿ ಡ್ಯಾಶ್‌ಬೋರ್ಡ್ ನಡುವಿನಿಂದ ಬಂದಂತೆ ಕೇಳಬೇಕು. ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದಿದ್ದರೆ ಅನುಮಾನ ಪಡಿ.

ಖಚಿತ ಮಾಡಿಕೊಳ್ಳಲು ಪೆನ್ಸಿಲ್ ಸೆಲ್ ತೆಗೆದುಕೊಳ್ಳಿ. ಸೆಟ್ ಕಡೆ ವೈರ್ ಬಿಡಿಸಿರಲೇಬೇಕು, ಇಲ್ಲದಿದ್ದರೆ ಸೆಲ್‌ನ ಕರೆಂಟ್ ಸೆಟ್ ಒಳಗೆ ಹೋಗುತ್ತದೆ. ಸೆಟ್‌ನ ಪ್ಲಸ್‌ಗೆ ಹೋಗುವ ವೈರ್‌ಗೆ ಸೆಲ್‌ನ ಪ್ಲಸ್, ಮೈನಸ್‌ಗೆ ಮೈನಸ್, ಒಂದು ಕ್ಷಣ ತಾಗಿಸಿ ಬಿಡಿ. ಟಕ್ ಅನ್ನುತ್ತದೆ. ಯಾರಾದರೂ ಕೋನ್ ಮೇಲೆ ಬೆರಳ ತುದಿ ಇಟ್ಟಿರಲಿ. ಕೂದಲೆಳೆಯಷ್ಟು ಹೊರಗೆ ಬಂದರೆ ಸರಿ. ಒಳಗೆ ಹೋದರೆ ತಲೆಕೆಳಗು. ಎರಡೂ ಬಾಗಿಲು ನೋಡಿ. ನಮ್ಮ ಮನೆಯಾಕೆ ಬೆರಳಿಟ್ಟು "ಇದು ಹೊರಗೆ ಬರ್ತದೆ, ಅದು ಒಳಗೆ ಹೋಗ್ತದೆ" ಅಂದಾಗ ನನಗೆ ಮೈ ಝುಂ ಅಂತು. ಮೂರು ವಾರ ತಲೆ ಕೆಡಿಸಿಕೊಂಡಿದ್ದು ಎರಡು ವೈರ್ ಅದಲು ಬದಲಾಗಿದ್ದಕ್ಕೆ. ಸ್ಪೀಕರ್‌ನ ಎರಡು ಪಟ್ಟಿಗಳಲ್ಲಿ ಸಾಮಾನ್ಯವಾಗಿ ಅಗಲದ್ದು ಪ್ಲಸ್, ಸಣ್ಣದು ಮೈನಸ್.

ಎರಡನೆಯ ಕಾರಣ ಬಾಗಿಲಿನ ತೂತುಗಳು. ಕೋನ್ ಮುಂದೆ ತಳ್ಳಿದಾಗ ಹಿಂದೆಯೂ ಅಷ್ಟೇ ಗಾಳಿ ಅಲುಗುತ್ತದೆ, ಆದರೆ ಉಲ್ಟಾ. ಒಳ ತಗಡಿನಲ್ಲಿರುವ ದೊಡ್ಡ ತೂತುಗಳ ಮೂಲಕ ಹಿಂದಿನ ಸದ್ದು ಮುಂದಿನದನ್ನು ಸೇರಿದರೆ ಒಂದನ್ನೊಂದು ತಿಂದುಹಾಕುತ್ತವೆ. ಹಾಗಾಗಿ ಬಾಗಿಲೇ ಸ್ಪೀಕರ್‌ನ ಪೆಟ್ಟಿಗೆ ಅಂತ ತಿಳಿಯಿರಿ. ಸ್ಪೀಕರ್ ಮತ್ತು ತಗಡಿನ ನಡುವೆ ಫೋಮ್ ಪಟ್ಟಿ ಅಂಟಿಸಿ, ಒಂದು ಕಡೆಯೂ ಬೆಳಕು ಕಾಣಬಾರದು. ಆಮೇಲೆ ಬ್ಯೂಟೈಲ್ ರಬ್ಬರ್ ಶೀಟ್. ಹಿಂದೆ ಅಲ್ಯೂಮಿನಿಯಂ ಹಾಳೆ ಇರುವ ಅಂಟು ಶೀಟ್ ಅದು. ಒಂದು ತುಂಡನ್ನು ಸ್ಪೀಕರ್ ಹಿಂದಿನ ಹೊರ ತಗಡಿಗೆ ಒಳಗಿನಿಂದ ಅಂಟಿಸಿ. ಉಳಿದದ್ದರಿಂದ ಒಳ ತಗಡಿನ ದೊಡ್ಡ ತೂತುಗಳನ್ನು ಮುಚ್ಚಿ. ಲಾಕ್‌ನ ಸರಳು, ಗ್ಲಾಸ್ ಇಳಿಯುವ ದಾರಿ, ಕೆಳಗಿನ ನೀರಿನ ತೂತು ಇವಕ್ಕೆ ಅಡ್ಡ ಬರಬಾರದು. ಅಗ್ಗಕ್ಕೆ ಸಿಗುತ್ತದೆ ಅಂತ ಮಾಡಿಗೆ ಹಾಕುವ ಡಾಂಬರ್ ಶೀಟ್ ತರಬೇಡಿ, ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ, ವಾಸನೆ ಬೇರೆ.

ಒದ್ದೆ ತಗಡಿಗೆ ಇದು ಅಂಟುವುದಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡು ಒಣಗಿದ್ದೇ ಅಪರೂಪ ಅಲ್ವಾ. ನಾನು ಹುತ್ತರಿ ಕಳೆದ ಮೇಲೆ ಬಿಸಿಲಿನ ದಿನ ನೋಡಿ ಮಾಡಿದೆ. ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಶೀಟ್ ಇಟ್ಟು, ಚಪಾತಿ ಲಟ್ಟಣಿಗೆಯಿಂದ ಒತ್ತಿ ಒತ್ತಿ ಕೂರಿಸಿದೆ. ಬಾಗಿಲು ಮುಚ್ಚಿದರೆ ಮೊದಲು ಡಬ್ಬ ಬಡಿದ ಹಾಗೆ ಸದ್ದು ಬರುತ್ತಿತ್ತು. ಈಗ ದಪ್ಪಗೆ ಧಪ್ ಅನ್ನುತ್ತದೆ.

ಸ್ಪೀಕರ್ ಬದಲಿಸಲೇಬೇಕಾದರೆ

ಪೆಟ್ಟಿಗೆ ಮೇಲಿನ ದೊಡ್ಡ ವ್ಯಾಟ್ ನಂಬರ್ ನೋಡಿ ಕೊಳ್ಳಬೇಡಿ. ಎಂಜಿನ್ ಓಡುವಾಗ ಲೈನಿನಲ್ಲಿ ಸುಮಾರು 14 ವೋಲ್ಟ್ ಇರುತ್ತದೆ. ಅಷ್ಟರಿಂದ 4 ಓಮ್ ಸ್ಪೀಕರ್‌ಗೆ ಸ್ವಚ್ಛವಾಗಿ ಕೊಡಲು ಆಗುವುದು 25 ವ್ಯಾಟ್ ಒಳಗೇ. ಬೇರೆ ಆಂಪ್ಲಿಫೈಯರ್ ಇಲ್ಲದೆ 300 ವ್ಯಾಟ್ ಸ್ಪೀಕರ್ ಹಾಕಿದರೂ ಸಿಗುವುದು ಅಷ್ಟೇ.

ನೋಡಬೇಕಾದದ್ದು ಸೆನ್ಸಿಟಿವಿಟಿ, ಅಂದರೆ ಕೊಟ್ಟ ಕರೆಂಟಿಗೆ ಎಷ್ಟು ಸದ್ದು ಅನ್ನುವುದು. ಇದನ್ನು ಡಿಬಿ (ಡೆಸಿಬೆಲ್) ಲೆಕ್ಕದಲ್ಲಿ ಬರೆಯುತ್ತಾರೆ. 3 ಡಿಬಿ ಜಾಸ್ತಿ ಇದ್ದರೆ ಸೆಟ್‌ನ ವ್ಯಾಟ್ ಎರಡು ಪಟ್ಟು ಮಾಡಿದಷ್ಟೇ ಲಾಭ. 90 ಅಥವಾ ಅದಕ್ಕಿಂತ ಮೇಲೆ ಇರುವುದನ್ನು ಹುಡುಕಿ. ಆದರೆ ಕೆಲವರು 1 ವ್ಯಾಟ್‌ಗೆ ಅಳೆದು ಬರೆಯುತ್ತಾರೆ, ಕೆಲವರು 2.83 ವೋಲ್ಟ್‌ಗೆ. 4 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಅಂದರೆ 2 ವ್ಯಾಟ್. ಅಲ್ಲಿ 93 ಅಂತ ಬರೆದಿದ್ದರೆ 90 ಅಂತ ಓದಿಕೊಳ್ಳಿ. ಓಮ್ ಕೂಡ ಹಳೆಯದರಷ್ಟೇ ಇರಲಿ. 4 ಓಮ್‌ಗೆ ಮಾಡಿದ ಸೆಟ್‌ಗೆ 2 ಓಮ್ ಕೊಟ್ಟರೆ ಅದು ಬಿಸಿಯಾಗುತ್ತದೆ.

ಕೊಡಗಿನ ಮಳೆಗೆ ಕಾಗದದ ಕೋನ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪಾಲಿಪ್ರೊಪೈಲಿನ್ ಪ್ಲಾಸ್ಟಿಕ್ ಕೋನ್, ಅಂಚಿಗೆ ರಬ್ಬರ್ ಇರುವುದು ತೆಗೆದುಕೊಳ್ಳಿ. ಟ್ವೀಟರ್ (ತೆಳ್ಳನೆ ಸದ್ದಿನ ಸಣ್ಣ ಸ್ಪೀಕರ್) ನಡುವೆಯೇ ಕೂತಿರುವ ಕೋಆಕ್ಸಿಯಲ್ ಸಾಕು.

ಕೊಳ್ಳುವ ಮೊದಲು ಗ್ಲಾಸ್ ಪೂರ್ತಿ ಇಳಿಸಿ ಆಳ ಅಳೆಯಿರಿ. ಅನುಮಾನ ಇದ್ದರೆ ಮ್ಯಾಗ್ನೆಟ್ ಹಿಂದೆ ಚಪಾತಿ ಹಿಟ್ಟಿನ ಸಣ್ಣ ಉಂಡೆ ಅಂಟಿಸಿ, ಸ್ಪೀಕರ್ ಇಟ್ಟು, ಗ್ಲಾಸ್ ನಿಧಾನವಾಗಿ ಇಳಿಸಿ ನೋಡಿ. ಉಂಡೆ ಚಪ್ಪಟೆಯಾದರೆ ಜಾಗ ಸಾಲದು, ನಡುವೆ ರಿಂಗ್ ಬೇಕು. ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ರಿಂಗ್ ಒದ್ದೆಯಾದರೆ ರಸ್ಕ್ ಹಾಗೆ ಉಬ್ಬುತ್ತದೆ. ನಾನು ಅಡುಗೆಮನೆಯ ದಪ್ಪ ಪ್ಲಾಸ್ಟಿಕ್ ತರಕಾರಿ ಮಣೆ ಕತ್ತರಿಸಿ ಮಾಡಿಕೊಂಡೆ. ನೀರಿಗೆ ಜಗ್ಗುವುದಿಲ್ಲ.

ನನ್ನ ಲೆಕ್ಕ ಹೀಗಿತ್ತು: ಆರೂವರೆ ಇಂಚಿನ ಜೋಡಿಗೆ 2,300 ರೂಪಾಯಿ, ಬ್ಯೂಟೈಲ್ ಶೀಟ್‌ಗೆ 700, ವೈರ್, ಸ್ಲೀವ್, ಫೋಮ್, ಮಣೆ ಎಲ್ಲ ಸೇರಿ 500. ಒಟ್ಟು 3,500. ಕಡಿಮೆ ಮಾಡಲೇಬೇಕು ಅಂದರೆ ಸ್ಪೀಕರ್‌ನಲ್ಲಿ ಕಡಿಮೆ ಮಾಡಿ, ಶೀಟ್‌ನಲ್ಲಿ ಬೇಡ.

ಉಳಿದ ಸಣ್ಣ ದೋಷಗಳು

ಜೋರಾಗಿ ಇಟ್ಟಾಗ ಮಾತ್ರ ಒಡೆದ ಸದ್ದು ಬಂದರೆ ಸೆಟ್ ತನ್ನ ಶಕ್ತಿ ಮೀರಿ ತಳ್ಳುತ್ತಿದೆ. ಬೇಸ್ ತಗ್ಗಿಸಿ. ಸೆಟ್‌ನಲ್ಲಿ ತೀರಾ ಕೆಳಗಿನ ಬೇಸ್ ತಡೆಯುವ ಹೈಪಾಸ್ ಫಿಲ್ಟರ್ ಇದ್ದರೆ 80 ಹರ್ಟ್ಸ್‌ಗೆ ಇಡಿ. ಇಲ್ಲದಿದ್ದರೆ ಪ್ರತಿ ಸ್ಪೀಕರ್‌ನ ಪ್ಲಸ್ ವೈರ್‌ಗೆ ಸಾಲಾಗಿ 470 ಮೈಕ್ರೋಫ್ಯಾರಡ್‌ನ ನಾನ್‌ಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ) ಕೆಪಾಸಿಟರ್ ಸೇರಿಸಿ. 4 ಓಮ್‌ಗೆ ಅದು ಸುಮಾರು 85 ಹರ್ಟ್ಸ್‌ನಿಂದ ಕೆಳಗಿನದನ್ನು ತಗ್ಗಿಸುತ್ತದೆ.

ಆಕ್ಸಿಲರೇಟರ್ ಒತ್ತಿದಂತೆ ಕುಂಯ್ ಅನ್ನುವ ಸದ್ದು ಏರಿದರೆ ಮೊದಲು ಮೊಬೈಲ್ ಚಾರ್ಜರ್ ಕಿತ್ತು ನೋಡಿ. ಹೋಗದಿದ್ದರೆ ಸೆಟ್‌ನ ಅರ್ತ್ ವೈರ್ ಬಾಡಿಗೆ ಸೇರುವ ಜಾಗದಲ್ಲಿ ಬಣ್ಣ, ತುಕ್ಕು ಕೆರೆದು ಬಿಗಿ ಮಾಡಿ.

ಬಾಗಿಲು ಗಡಗಡ ಅಂದರೆ ಹಾಡು ಹಾಕಿ ಪ್ಯಾಡ್ ಮೇಲೆ ಅಂಗೈ ಒತ್ತುತ್ತಾ ಹೋಗಿ. ಎಲ್ಲಿ ಒತ್ತಿದಾಗ ನಿಲ್ಲುತ್ತದೋ ಅಲ್ಲಿ ಕ್ಲಿಪ್ ಹೋಗಿದೆ. ಅದಕ್ಕೂ ಮೊದಲು ಪಾಕೆಟ್‌ನಲ್ಲಿರುವ ಗಿಡ ಕತ್ತರಿ, ಸ್ಪ್ಯಾನರ್ ಎಲ್ಲ ತೆಗೆದಿಡಿ.

ಎಲ್ಲ ಮುಗಿಸಿ ಪ್ಯಾಡ್ ಹಾಕುವ ಮೊದಲು ಕೊನೆಯ ಪರೀಕ್ಷೆ: ಗ್ಲಾಸ್ ಮೇಲೆ ಹೊರಗಿನಿಂದ ಎರಡು ಚೊಂಬು ನೀರು ಹೊಯ್ಯಿರಿ. ಕೆಳಗಿನ ತೂತುಗಳಿಂದ ನೀರು ಸಲೀಸಾಗಿ ಇಳಿಯಬೇಕು. ಟಾರ್ಚ್ ಹಾಕಿ ನೋಡಿದರೆ ಸ್ಪೀಕರ್‌ನ ಮ್ಯಾಗ್ನೆಟ್ ಒಣಗೇ ಇರಬೇಕು. ಆಮೇಲೆ ಪ್ಯಾಡ್ ಒತ್ತಿ ಕ್ಲಿಪ್ ಕೂರಿಸಿ.